ಕೈ ಮತ್ತೆ ಕೆಲಸಕ್ಕೆ ಬರಲಿ: ಆಕ್ಯುಪೇಷನಲ್ ಥೆರಪಿ ಓದು ಮತ್ತು ಉದ್ಯೋಗ

(ಟ್ರಸ್ಟ್‌ನ ವಾರ್ಷಿಕ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ಮಾಡಿದ ಉಪನ್ಯಾಸದ ಬರಹರೂಪ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ವಿದ್ಯಾರ್ಥಿಗಳು ಹಾಗೂ ಪೋಷಕರ ಉಪಯೋಗಕ್ಕಾಗಿ ಪ್ರಕಟಿಸಲಾಗಿದೆ.)

ಬಿಸ್ಮಿಲ್ಲಾಹಿರ್ರಹ್ಮಾನಿರ್ರಹೀಮ್.

 

ಪಿಯುಸಿ ವಿಜ್ಞಾನ ಓದುತ್ತಿರುವ ಮಕ್ಕಳನ್ನು 'ಮುಂದೆ ಏನು ಮಾಡ್ತೀಯಪ್ಪಾ' ಎಂದು ಕೇಳಿದರೆ ಬರುವ ಉತ್ತರ ಒಂದೇ: ಡಾಕ್ಟರ್. ಅದು ಒಳ್ಳೆಯ ಆಸೆಯೇ. ಆದರೆ ನೀಟ್‌ನಲ್ಲಿ ಎಂಬಿಬಿಎಸ್ ಸೀಟು ಸಿಗುವಷ್ಟು ಅಂಕ ಬಾರದಿದ್ದಾಗ ಅದೇ ಮಕ್ಕಳು ಒಂದು ವರ್ಷ ಮನೆಯಲ್ಲಿ ಕೂರುತ್ತಾರೆ, ಎರಡನೇ ವರ್ಷವೂ ಕೂರುತ್ತಾರೆ. ಹುಡುಗನಾದರೆ ಅಷ್ಟರಲ್ಲಿ ಅಂಗಡಿಗೋ ಗ್ಯಾರೇಜಿಗೋ ಹೋಗಿರುತ್ತಾನೆ. ಹುಡುಗಿಯಾದರೆ ಮದುವೆಯ ಮಾತು ಶುರುವಾಗಿರುತ್ತದೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿ ಪಾಸಾದ ಮಗುವಿಗೆ ಆರೋಗ್ಯ ಕ್ಷೇತ್ರದಲ್ಲಿ ಬೇರೆ ಬಾಗಿಲುಗಳೂ ಇವೆ. ಅಂಥ ಒಂದು ಬಾಗಿಲಿನ ಬಗ್ಗೆ ಹೇಳಲು ನನ್ನನ್ನು ಕರೆದಿದ್ದೀರಿ. ನಾನು ಆಕ್ಯುಪೇಷನಲ್ ಥೆರಪಿಸ್ಟ್, ಇದೇ ಸೀಮೆಯವನು.

ಹೆಸರು ಕೇಳಿ ಮೋಸಹೋಗಬೇಡಿ

'ಆಕ್ಯುಪೇಷನ್' ಎಂದರೆ ನೌಕರಿ, ಹಾಗಾದರೆ ಇದು ನೌಕರಿ ಕೊಡಿಸುವ ಕೋರ್ಸೇ ಎಂದು ಕೇಳುವವರಿದ್ದಾರೆ. ಅಲ್ಲ. ಇಲ್ಲಿ ಆ ಮಾತಿನ ಅರ್ಥ ಮನುಷ್ಯ ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ಮಾಡುವ ಎಲ್ಲ ಕೆಲಸ. ಹಲ್ಲುಜ್ಜುವುದು, ಸ್ನಾನ ಮಾಡುವುದು, ಗುಂಡಿ ಹಾಕಿಕೊಳ್ಳುವುದು, ರೊಟ್ಟಿ ಬಡಿಯುವುದು, ಬರೆಯುವುದು, ಹೊಲಕ್ಕೆ ಹೋಗುವುದು, ವುಝೂ ಮಾಡಿ ನಮಾಝಿಗೆ ನಿಲ್ಲುವುದು, ಎಲ್ಲವೂ ಸೇರಿತು. ಕಾಯಿಲೆ, ಅಪಘಾತ, ಹುಟ್ಟಿನಿಂದ ಬಂದ ತೊಂದರೆ ಅಥವಾ ಮುಪ್ಪಿನಿಂದ ಈ ಕೆಲಸಗಳು ನಿಂತುಹೋದವರಿಗೆ ಮತ್ತೆ ಮಾಡಿಕೊಳ್ಳಲು ಕಲಿಸುವವರೇ ಆಕ್ಯುಪೇಷನಲ್ ಥೆರಪಿಸ್ಟ್.

ಹಾಗಾದರೆ ಫಿಸಿಯೋಥೆರಪಿಗೂ ಇದಕ್ಕೂ ಏನು ವ್ಯತ್ಯಾಸ? ಲಕ್ವ ಹೊಡೆದ ಒಬ್ಬ ಅಜ್ಜನನ್ನು ನೆನೆಸಿಕೊಳ್ಳಿ. ಕಾಲಿಗೆ ಬಲ ತರಿಸಿ ನಡೆಸುವುದರಲ್ಲಿ ಫಿಸಿಯೋಥೆರಪಿಸ್ಟ್ ಪಾತ್ರ ದೊಡ್ಡದು. ಆ ಅಜ್ಜ ಒಂದೇ ಕೈಯಲ್ಲಿ ಲುಂಗಿ ಉಡುವುದು ಹೇಗೆ, ನಲ್ಲಿಯ ಮುಂದೆ ಎಲ್ಲಿ ಸ್ಟೂಲ್ ಇಟ್ಟರೆ ಜಾರದೆ ವುಝೂ ಮಾಡಬಹುದು, ಶೌಚಾಲಯದ ಗೋಡೆಗೆ ಹಿಡಿಕೆಯನ್ನು ಯಾವ ಎತ್ತರದಲ್ಲಿ ಹಾಕಬೇಕು, ಚಮಚದ ಹಿಡಿಯನ್ನು ಎಷ್ಟು ದಪ್ಪ ಮಾಡಿದರೆ ತಾನೇ ಊಟ ಮಾಡಬಲ್ಲ, ಇದನ್ನೆಲ್ಲ ನೋಡುವುದು ನಮ್ಮ ಕೆಲಸ. ಹಳೆಯ ಸೈಕಲ್ ಟ್ಯೂಬ್ ಕತ್ತರಿಸಿ ಚಮಚಕ್ಕೆ ಸುತ್ತಿದರೂ ಹಿಡಿ ದಪ್ಪವಾಗುತ್ತದೆ. ದುಬಾರಿ ಯಂತ್ರವಿಲ್ಲದೆಯೂ ನಡೆಯುವ ವಿದ್ಯೆ ಇದು. ಇಬ್ಬರೂ ಒಟ್ಟಾಗಿ ದುಡಿದರೆ ರೋಗಿಗೆ ಲಾಭ.

ನಮ್ಮ ದೇಶಕ್ಕೆ ಇದು ಹೊಸದೇನಲ್ಲ. ಅಮೆರಿಕದಲ್ಲಿ ಹುಟ್ಟಿ ಭಾರತದ ಸೊಸೆಯಾಗಿ ಬಂದ ಕಮಲಾ ನಿಂಬಕರ್ ಅವರು 1950ರಲ್ಲಿ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ಈ ವಿದ್ಯೆಯ ಮೊದಲ ಶಾಲೆ ತೆರೆದರು. 1952ರಲ್ಲಿ ಅಖಿಲ ಭಾರತ ಸಂಘ ಹುಟ್ಟಿತು. ಅದೇ ವರ್ಷ ಹತ್ತು ದೇಶಗಳು ಸೇರಿ ವಿಶ್ವ ಒಕ್ಕೂಟ ಕಟ್ಟಿದಾಗ ಅವುಗಳಲ್ಲಿ ಭಾರತವೂ ಒಂದು. ಮುಂಬೈಗೆ ಹಾಜಿ ಅಲಿ ದರ್ಗಾದ ಜಿಯಾರತ್‌ಗೆ ಹೋದವರು ನಮ್ಮಲ್ಲಿ ಅನೇಕರಿದ್ದಾರೆ. ಅದೇ ಹಾಜಿ ಅಲಿ ಬಳಿ 1955ರಿಂದ ಕೇಂದ್ರ ಸರ್ಕಾರದ ದೊಡ್ಡ ಪುನರ್ವಸತಿ ಸಂಸ್ಥೆಯೊಂದು ನಡೆಯುತ್ತಿದೆ. ಇನ್ನೊಮ್ಮೆ ಹೋದಾಗ ಮಕ್ಕಳಿಗೆ ಅದನ್ನೂ ತೋರಿಸಿ.

ನಮ್ಮ ಐದು ತಾಲ್ಲೂಕುಗಳಿಗೆ ಇದು ಯಾಕೆ ಬೇಕು

ಹಡಗಲಿಯ ಮಲ್ಲಿಗೆಗೆ ಜಿಐ ಮಾನ್ಯತೆ ಇದೆ. ಆ ಮೊಗ್ಗು ಬಿಡಿಸಿ ಕಟ್ಟುವುದು ಬೆರಳಿನ ಕೆಲಸ. ಹೂ ಕಟ್ಟುವ ತಾಯಿಯ ಬಲಗೈಗೆ ಲಕ್ವ ಹೊಡೆದರೆ ಮನೆಗೆ ಬರುವ ದುಡ್ಡು ಅಂದೇ ನಿಲ್ಲುತ್ತದೆ. ಹರಪನಹಳ್ಳಿಯಲ್ಲಿ ನಮ್ಮ ಎಷ್ಟೋ ಅಕ್ಕತಂಗಿಯರು ಬೀಡಿ ಕಟ್ಟುತ್ತಾರೆ. ಮೊರ ತೊಡೆಯ ಮೇಲಿಟ್ಟುಕೊಂಡು ಬೆನ್ನು ಬಗ್ಗಿಸಿ ದಿನವಿಡೀ ಕೂತರೆ ಕುತ್ತಿಗೆ, ಬೆನ್ನು, ಬೆರಳು ಎಲ್ಲವೂ ನೋಯುತ್ತವೆ. ಕೂರುವ ರೀತಿ, ಮೊರದ ಎತ್ತರ, ನಡುನಡುವೆ ಬಿಡುವು, ಇವನ್ನು ಬದಲಾಯಿಸಿ ನೋವು ಕಡಿಮೆ ಮಾಡುವುದೂ ಈ ವೃತ್ತಿಯ ಭಾಗ.

ಮೆಕ್ಕೆಜೋಳದ ರಾಶಿ ಯಂತ್ರಕ್ಕೆ ಕೈ ಕೊಟ್ಟವರನ್ನು ನೀವೂ ನೋಡಿದ್ದೀರಿ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲಿ ಕರಡಿಧಾಮವಿದೆ, ಸುತ್ತಲಿನ ಹಳ್ಳಿಗಳಲ್ಲಿ ಕರಡಿ ದಾಳಿಯ ಸುದ್ದಿ ಆಗಾಗ ಬರುತ್ತದೆ. ಜೀವ ಉಳಿಯುತ್ತದೆ, ಹೊಲಿಗೆ ಬೀಳುತ್ತದೆ, ಆಸ್ಪತ್ರೆಯಿಂದ ಮನೆಗೆ ಬರುತ್ತಾರೆ. ಆಮೇಲೆ? ಗಾಯ ಮಾಯುವಾಗ ಬೆರಳು ಮಡಚಿಕೊಂಡು ಬಿಗಿಯಾಗುತ್ತದೆ. ಸರಿಯಾದ ಸಮಯಕ್ಕೆ ಸ್ಪ್ಲಿಂಟ್ ಕಟ್ಟಿ, ಬೆರಳಿಗೆ ಅಭ್ಯಾಸ ಕೊಟ್ಟರೆ ಕೈ ಕುಡುಗೋಲು ಹಿಡಿಯುವಷ್ಟು ಸುಧಾರಿಸುವ ಸಾಧ್ಯತೆ ಹೆಚ್ಚು. ಆ ಸಮಯ ದಾಟಿಹೋದರೆ ಮುಂದೆ ಕಷ್ಟ. ಸುಟ್ಟ ಗಾಯಕ್ಕೂ ಇದೇ ಮಾತು.

ಇನ್ನು ಮಕ್ಕಳ ವಿಷಯ. ಕತ್ತು ನಿಲ್ಲದ ಮಗು, ಮಾತನಾಡಿಸಿದರೆ ತಿರುಗಿ ನೋಡದ ಮಗು, ಶಾಲೆಯಲ್ಲಿ ಪೆನ್ಸಿಲ್ ಹಿಡಿಯಲಾರದ ಮಗು. 'ತಾನಾಗೇ ಸರಿಹೋಗುತ್ತೆ' ಎಂದು ಹಿರಿಯರು ಹೇಳುತ್ತಾರೆ, ಕೆಲವರು ತಾಯಿತ ಕಟ್ಟಿಸುತ್ತಾರೆ. ಮೊದಲ ಆರು ವರ್ಷದಲ್ಲಿ ಮೆದುಳು ವೇಗವಾಗಿ ಬೆಳೆಯುತ್ತದೆ, ಆ ಕಾಲ ಕಳೆದರೆ ಮತ್ತೆ ಬರುವುದಿಲ್ಲ. ಆದರೆ ಥೆರಪಿಗೆ ಹರಪನಹಳ್ಳಿಯವರು ದಾವಣಗೆರೆಗೆ, ಹಡಗಲಿಯವರು ಗದಗ, ಹುಬ್ಬಳ್ಳಿಗೆ, ಕೂಡ್ಲಿಗಿಯವರು ಬಳ್ಳಾರಿಗೆ ಬಸ್ ಹತ್ತಬೇಕು. ವಾರಕ್ಕೆರಡು ದಿನದ ಕೂಲಿ ಬಿಟ್ಟು, ಚಾರ್ಜು ಕೊಟ್ಟು, ಮಗುವನ್ನು ಎತ್ತಿಕೊಂಡು ಎಷ್ಟು ತಿಂಗಳು ಓಡಾಡಿಯಾರು? ಮೂರನೇ ತಿಂಗಳಿಗೆ ಬಿಟ್ಟುಬಿಡುತ್ತಾರೆ. ತಪ್ಪು ಆ ತಾಯಿಯದಲ್ಲ. ಹತ್ತಿರದಲ್ಲಿ ಥೆರಪಿಸ್ಟ್ ಇಲ್ಲ.

2011ರ ಜನಗಣತಿಯಲ್ಲಿ ಕರ್ನಾಟಕದ ವಿಕಲಚೇತನರ ಸಂಖ್ಯೆ 13 ಲಕ್ಷ 24 ಸಾವಿರ ದಾಟಿತ್ತು. 1995ರ ಕಾಯ್ದೆ 7 ಬಗೆಯ ಅಂಗವೈಕಲ್ಯವನ್ನು ಹೇಳಿದ್ದರೆ 2016ರ ಹೊಸ ಕಾಯ್ದೆ 21 ಬಗೆಯನ್ನು ಹೇಳುತ್ತದೆ. ಆಟಿಸಂ, ಕಲಿಕಾ ನ್ಯೂನತೆ, ಪಾರ್ಕಿನ್ಸನ್ ಕಾಯಿಲೆ ಎಲ್ಲವೂ ಈಗ ಅದರೊಳಗಿವೆ. ಕಾನೂನು ಹಕ್ಕು ಕೊಟ್ಟಿದೆ, ಆ ಹಕ್ಕನ್ನು ಮನೆ ಬಾಗಿಲಿಗೆ ಮುಟ್ಟಿಸುವ ಕೈಗಳು ಕಡಿಮೆ.

ಓದುವುದು ಎಲ್ಲಿ, ಹೇಗೆ

ಕೋರ್ಸಿನ ಹೆಸರು ಬ್ಯಾಚುಲರ್ ಆಫ್ ಆಕ್ಯುಪೇಷನಲ್ ಥೆರಪಿ, ಚಿಕ್ಕದಾಗಿ ಬಿಓಟಿ. ಇಂಟರ್ನ್‌ಶಿಪ್ ಸೇರಿ ನಾಲ್ಕೂವರೆಯಿಂದ ಐದು ವರ್ಷ. ದ್ವಿತೀಯ ಪಿಯುಸಿಯಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಓದಿರಬೇಕು. ನಮ್ಮ ರಾಜ್ಯದಲ್ಲಿ ಈ ವಿದ್ಯೆಗೆ ಹೆಸರಾದದ್ದು ಮಣಿಪಾಲ. ಅಲ್ಲಿ ಕಲಿಕೆ ಚೆನ್ನಾಗಿದೆ, ಶುಲ್ಕ ನಮ್ಮಂಥವರಿಗೆ ಭಾರ. ಪಕ್ಕದ ತಮಿಳುನಾಡಿನಲ್ಲಿ ವೆಲ್ಲೂರಿನ ಸಿಎಂಸಿ ಇದೆ. ಕೇಂದ್ರ ಸರ್ಕಾರದ ಮೂರು ಸಂಸ್ಥೆಗಳನ್ನು ಬರೆದುಕೊಳ್ಳಿ: ಒಡಿಶಾದ ಕಟಕ್ ಬಳಿಯ ಓಲತ್‌ಪುರದಲ್ಲಿರುವ ಸ್ವಾಮಿ ವಿವೇಕಾನಂದ ರಾಷ್ಟ್ರೀಯ ಪುನರ್ವಸತಿ ಸಂಸ್ಥೆ, ಕೋಲ್ಕತ್ತಾದ ರಾಷ್ಟ್ರೀಯ ಚಲನ ವೈಕಲ್ಯ ಸಂಸ್ಥೆ, ದೆಹಲಿಯ ಪಂಡಿತ್ ದೀನದಯಾಳ್ ಉಪಾಧ್ಯಾಯ ಸಂಸ್ಥೆ. ಸರ್ಕಾರಿ ಸಂಸ್ಥೆಗಳಾದ್ದರಿಂದ ಶುಲ್ಕ ಖಾಸಗಿಗಿಂತ ಬಹಳ ಕಡಿಮೆ. ದೂರ ಎಂದು ಹೆದರಬೇಡಿ. ಸೌದಿಗೆ ಮಗನನ್ನು ಕಳಿಸುವ ಮನೆಗೆ ಕಟಕ್ ದೂರವೇ?

ಪ್ರವೇಶದ ನಿಯಮಗಳು ಈಗ ಬದಲಾಗುತ್ತಿವೆ. 2021ರಲ್ಲಿ ಸಂಸತ್ತು ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಮಾಡಿತು. ಅದರಲ್ಲಿ ಹೇಳಿರುವ ಹತ್ತು ವೃತ್ತಿ ವರ್ಗಗಳಲ್ಲಿ ನಮ್ಮದೂ ಒಂದು. ಪಠ್ಯಕ್ರಮ, ಪ್ರವೇಶ, ನೋಂದಣಿ ಎಲ್ಲವೂ ಇನ್ನು ಅದರ ಅಡಿ ಬರುತ್ತವೆ. ಆದ್ದರಿಂದ ಮಕ್ಕಳಿಗೆ ನನ್ನ ಸಲಹೆ ಇಷ್ಟು: ನೀಟ್ ಬರೆದಿಡಿ, ಸಿಇಟಿ ಬರೆದಿಡಿ, ಸೇರಬೇಕೆಂದಿರುವ ಸಂಸ್ಥೆಯ ಆ ವರ್ಷದ ಪ್ರಕಟಣೆಯನ್ನು ನೀವೇ ಓದಿ. ಕಳೆದ ವರ್ಷ ಸೇರಿದ ಅಣ್ಣನ ಮಾತು ಈ ವರ್ಷಕ್ಕೆ ಹೊಂದಬೇಕಿಲ್ಲ.

ಒಂದು ಎಚ್ಚರಿಕೆ. 'ಆರು ತಿಂಗಳ ಸರ್ಟಿಫಿಕೇಟ್ ಕೋರ್ಸ್, ಆಮೇಲೆ ಥೆರಪಿಸ್ಟ್' ಎಂದು ಹೇಳುವ ಏಜೆಂಟರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಕಾಲೇಜಿಗೆ ದುಡ್ಡು ಕಟ್ಟುವ ಮುಂಚೆ ಮೂರು ಪ್ರಶ್ನೆ ಕೇಳಿ. ಪದವಿ ಕೊಡುವ ವಿಶ್ವವಿದ್ಯಾಲಯ ಯಾವುದು? ಈ ಪದವಿಯ ಮೇಲೆ ನೋಂದಣಿ ಆಗುತ್ತದೆಯೇ? ಮಕ್ಕಳು ರೋಗಿಗಳ ಜೊತೆ ಕಲಿಯುವ ಆಸ್ಪತ್ರೆ ಯಾವುದು? ಹೊರದೇಶದ ಆಸೆ ಇದ್ದರೆ ನಾಲ್ಕನೆಯದು: ವಿಶ್ವ ಒಕ್ಕೂಟದ ಮಾನ್ಯತೆ ಇದೆಯೇ? ಒಕ್ಕೂಟದ ಮಾನದಂಡದಲ್ಲಿ ರೋಗಿಗಳ ನಡುವೆ ಕನಿಷ್ಠ 1,000 ಗಂಟೆಯ ತರಬೇತಿ ಆಗಿರಬೇಕು. ಉತ್ತರವನ್ನು ಬಾಯಲ್ಲಿ ಕೇಳಿ ಸುಮ್ಮನಾಗದೆ ಕಾಗದದಲ್ಲಿ ನೋಡಿ.

ಕೆಲಸ ಎಲ್ಲಿ ಸಿಗುತ್ತದೆ

ಇದ್ದದ್ದನ್ನು ಇದ್ದಹಾಗೆ ಹೇಳುತ್ತೇನೆ. 'ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಸರ್ಕಾರಿ ಹುದ್ದೆ ಸಿಗುತ್ತದೆ' ಎಂದು ನಂಬಿಕೊಂಡು ಈ ಕೋರ್ಸ್ ಸೇರಬೇಡಿ. ಮೊದಲ ಕೆಲಸ ಬಹುತೇಕ ಬೆಂಗಳೂರಿನಂಥ ದೊಡ್ಡ ಊರಿನಲ್ಲೇ ಸಿಗುತ್ತದೆ. ಮೊದಲ ಸಂಬಳ ಎಂಜಿನಿಯರ್ ಸಂಬಳದ ಹಾಗೆ ಕಣ್ಣು ಕುಕ್ಕುವುದಿಲ್ಲ. ಅನುಭವ ಬಂದಂತೆ ಏರುತ್ತದೆ. ಕೈಯಲ್ಲಿ ವಿದ್ಯೆ ಇದ್ದವರು ಖಾಲಿ ಕೂರುವ ವೃತ್ತಿ ಇದಲ್ಲ.

ಈಗ ಹೆಚ್ಚು ಕೆಲಸವಿರುವುದು ಮಕ್ಕಳ ಥೆರಪಿ ಕೇಂದ್ರಗಳಲ್ಲಿ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಕಲಿಕೆಯ ತೊಂದರೆ ಇರುವ ಮಕ್ಕಳು ಅಲ್ಲಿ ಬರುತ್ತಾರೆ. ಎರಡನೆಯದು ಆಸ್ಪತ್ರೆಗಳು: ನರರೋಗ, ಮೂಳೆ, ಸುಟ್ಟ ಗಾಯ, ಕೈ ಶಸ್ತ್ರಚಿಕಿತ್ಸೆ ವಿಭಾಗಗಳು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ಹಾಗೆ ಮಾನಸಿಕ ಕಾಯಿಲೆಯವರ ಪುನರ್ವಸತಿಯೂ ದೊಡ್ಡ ಕ್ಷೇತ್ರ. ಮನಸ್ಸು ಕೆಟ್ಟು ಮೂಲೆ ಸೇರಿದವರನ್ನು ದಿನಚರಿಗೆ, ಕೆಲಸಕ್ಕೆ ತರುವುದು ನಮ್ಮ ವಿದ್ಯೆಯ ಹಳೆಯ ಬೇರು.

ಮೂರನೆಯದು ಸೇವಾ ಸಂಸ್ಥೆಗಳು. ಎನ್.ಎಸ್. ಹೇಮಾ ಅವರು 1959ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಎಪಿಡಿ, 1982ರಲ್ಲಿ ಶುರುವಾದ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ, ನಮ್ಮ ಪಕ್ಕದ ಕೊಪ್ಪಳ, ರಾಯಚೂರು ಹಳ್ಳಿಗಳಲ್ಲಿ ವಿಕಲಚೇತನರ ನಡುವೆ ದುಡಿದಿರುವ ಸಮೂಹ ಸಂಸ್ಥೆ, ಇಂಥವು. ಹಳ್ಳಿಯಲ್ಲಿ ಈ ಕೆಲಸ ನಡೆಯುತ್ತದೆಯೇ ಎಂಬ ಅನುಮಾನವಿದ್ದರೆ ಒಮ್ಮೆ ಕೊಪ್ಪಳದ ಕಡೆ ಹೋಗಿ ನೋಡಿ.

ನಾಲ್ಕನೆಯದು ಸರ್ಕಾರಿ ಯೋಜನೆಗಳು. 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಅಡಿ ಜಿಲ್ಲಾ ಮಟ್ಟದ ಶೀಘ್ರ ಪತ್ತೆ ಮತ್ತು ಚಿಕಿತ್ಸಾ ಕೇಂದ್ರಗಳಿವೆ. ಸಮಗ್ರ ಶಿಕ್ಷಣದ ಅಡಿ ವಿಶೇಷ ಅಗತ್ಯದ ಮಕ್ಕಳಿಗೆ ಕ್ಷೇತ್ರ ಸಂಪನ್ಮೂಲ ಕೇಂದ್ರಗಳಲ್ಲಿ ಸೇವೆ ಇದೆ. ಇವು ಹೆಚ್ಚಾಗಿ ಗುತ್ತಿಗೆಯ ಕೆಲಸಗಳು. ಕೇಂದ್ರ ಸರ್ಕಾರದ ದೊಡ್ಡ ಆಸ್ಪತ್ರೆಗಳಲ್ಲಿ ಕಾಯಂ ಹುದ್ದೆಗಳಿವೆ, ಸ್ಪರ್ಧೆ ಕಠಿಣ. ರಾಜ್ಯ ಸರ್ಕಾರ ಹುದ್ದೆ ಕರೆದಾಗ ನಮ್ಮ ಜಿಲ್ಲೆಯವರಿಗೆ 371ಜೆ ಮೀಸಲಾತಿಯ ಬಲವಿದೆ. ಹರಪನಹಳ್ಳಿಯವರೂ 2018ರಿಂದ ಅದರೊಳಗೆ ಬಂದಿದ್ದಾರೆ. ಆ ಪ್ರಮಾಣಪತ್ರವನ್ನು ಸೀಟು ಹಂಚಿಕೆಯ ವಾರದಲ್ಲಿ ಓಡಾಡಿ ಮಾಡಿಸಬೇಡಿ, ಈಗಲೇ ಮಾಡಿಸಿಡಿ.

ಹೊರದೇಶದ ಮಾತು. ಗಲ್ಫ್ ದೇಶಗಳಲ್ಲಿ ಪರವಾನಗಿ ಪರೀಕ್ಷೆ ಬರೆಯಬೇಕು, ಪ್ರಮಾಣಪತ್ರಗಳ ಪರಿಶೀಲನೆ ಆಗಬೇಕು, ಸಾಮಾನ್ಯವಾಗಿ ಕೆಲವು ವರ್ಷದ ಅನುಭವವನ್ನೂ ಕೇಳುತ್ತಾರೆ. ಇಂಗ್ಲೆಂಡಿನಲ್ಲಿ ಎಚ್‌ಸಿಪಿಸಿ ನೋಂದಣಿ, ಅಮೆರಿಕದಲ್ಲಿ ಎನ್‌ಬಿಸಿಒಟಿ ಪರೀಕ್ಷೆ. ದಾರಿ ಉದ್ದ, ಆದರೆ ನೇರ.

ಈಗಾಗಲೇ ಈ ವೃತ್ತಿಯಲ್ಲಿರುವ ತಮ್ಮ ತಂಗಿಯರಿಗೂ ಒಂದು ಮಾತು. ಬಿಓಟಿಗೆ ನಿಲ್ಲಬೇಡಿ, ಎಂಓಟಿ ಮಾಡಿದರೆ ಪಾಠ ಹೇಳುವ ದಾರಿಯೂ ತೆರೆಯುತ್ತದೆ. ಕೈ ಚಿಕಿತ್ಸೆ, ಮಕ್ಕಳು, ವೃದ್ಧರು, ಯಾವುದಾದರೂ ಒಂದರಲ್ಲಿ ಆಳಕ್ಕೆ ಇಳಿಯಿರಿ. ಐದಾರು ವರ್ಷ ದೊಡ್ಡ ಊರಿನಲ್ಲಿ ಕಲಿತವರು ಹೊಸಪೇಟೆಯಲ್ಲೋ ಹಗರಿಬೊಮ್ಮನಹಳ್ಳಿಯಲ್ಲೋ ಒಂದು ಕೋಣೆಯ ಕೇಂದ್ರ ತೆರೆದರೆ ರೋಗಿಗಳ ಕೊರತೆ ಬರುವುದಿಲ್ಲ. ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಯಾವ ಮನೆಯಲ್ಲಿ ಯಾರಿಗೆ ಏನು ತೊಂದರೆ ಎಂಬುದು ಅವರಿಗೆ ಗೊತ್ತು. ಅವರ ಜೊತೆ ಸೇರಿ ತಿಂಗಳಿಗೊಮ್ಮೆ ಒಂದೊಂದು ತಾಲ್ಲೂಕಿಗೆ ಬಂದರೂ, ನಡುವಿನ ದಿನಗಳಲ್ಲಿ ವಿಡಿಯೋ ಕರೆಯಲ್ಲಿ ಅಭ್ಯಾಸ ನೋಡಿದರೂ ಬಹಳ ಕುಟುಂಬಗಳ ಬಸ್ ಖರ್ಚು ಉಳಿಯುತ್ತದೆ.

ಹೆಣ್ಣುಮಕ್ಕಳ ಬಗ್ಗೆ ತಂದೆತಾಯಿಗೆ

ಸ್ನಾನ, ಉಡುಪು, ಶೌಚ, ಇವನ್ನು ಹೆಣ್ಣು ರೋಗಿಗೆ ಕಲಿಸಲು ಹೆಣ್ಣು ಥೆರಪಿಸ್ಟೇ ಬೇಕು. ಪರ್ದಾ ಪಾಲಿಸುವ ನಮ್ಮ ತಾಯಂದಿರು ಗಂಡಸರ ಮುಂದೆ ಈ ಕಷ್ಟ ಹೇಳಿಕೊಳ್ಳುವುದೇ ಇಲ್ಲ, ಹೇಳದೆ ಹಾಸಿಗೆ ಹಿಡಿಯುತ್ತಾರೆ. ನಮ್ಮ ಹುಡುಗಿಯರಿಗೆ ಮನೆಯಲ್ಲಿ ದಖನಿ ಉರ್ದು, ಹೊರಗೆ ಕನ್ನಡ, ಬಳ್ಳಾರಿ ಸೀಮೆಯ ನಂಟಿನಿಂದ ಅಷ್ಟಿಷ್ಟು ತೆಲುಗು ಬರುತ್ತದೆ. ಮಾತಿನಿಂದಲೇ ಅರ್ಧ ಕೆಲಸ ನಡೆಯುವ ಈ ವೃತ್ತಿಯಲ್ಲಿ ಮೂರು ಭಾಷೆ ದೊಡ್ಡ ಆಸ್ತಿ. ರಾತ್ರಿ ಪಾಳಿ ಬಹುತೇಕ ಇರುವುದಿಲ್ಲ. ಮದುವೆಯಾಗಿ ಊರು ಬದಲಾದರೂ ವಿದ್ಯೆ ಜೊತೆಗೆ ಬರುತ್ತದೆ. ಮಗಳಿಗೆ ಐದು ವರ್ಷ ಸಮಯ ಕೊಡಿ. ಮೂರನೇ ವರ್ಷದಲ್ಲಿ ಒಳ್ಳೆಯ ಸಂಬಂಧ ಬಂತೆಂದು ಓದು ಬಿಡಿಸಿದರೆ ಆ ಸೀಟು, ಆ ದಾನಿಯ ಹಣ, ಅವಳ ಶ್ರಮ ಮೂರೂ ನಷ್ಟ.

ಹಣದ ವಿಷಯ, ದಾನಿಗಳಿಗೆ ಒಂದು ಕೋರಿಕೆ

ಸರ್ಕಾರದ ಸಹಾಯ ಇದೆ. ರಾಜ್ಯದ ಎಸ್‌ಎಸ್‌ಪಿ ಮತ್ತು ಕೇಂದ್ರದ ಎನ್‌ಎಸ್‌ಪಿ ಪೋರ್ಟಲ್‌ಗಳಲ್ಲಿ ಅರ್ಜಿ ಹಾಕಿ. ಬೀಡಿ ಕಾರ್ಮಿಕರ ಗುರುತಿನ ಚೀಟಿ ಇರುವ ಮನೆಯ ಮಕ್ಕಳಿಗೆ ಕೇಂದ್ರ ಕಾರ್ಮಿಕ ಇಲಾಖೆಯ ಪ್ರತ್ಯೇಕ ವಿದ್ಯಾರ್ಥಿವೇತನವಿದೆ. ಅಮ್ಮನ ಆ ಚೀಟಿಯನ್ನು ಪೆಟ್ಟಿಗೆಯ ತಳದಲ್ಲಿ ಇಡಬೇಡಿ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲದಲ್ಲಿ ಈ ಕೋರ್ಸ್ ಆ ವರ್ಷದ ಪಟ್ಟಿಯಲ್ಲಿದೆಯೇ ಎಂದು ಜಿಲ್ಲಾ ಕಚೇರಿಯಲ್ಲಿ ಕೇಳಿ. ಆಧಾರ್, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್ ಮೂರರಲ್ಲೂ ಹೆಸರಿನ ಕಾಗುಣಿತ ಒಂದೇ ಇರಲಿ. ಒಂದರಲ್ಲಿ ಶೇಕ್, ಇನ್ನೊಂದರಲ್ಲಿ ಶೇಖ್ ಎಂದಿದ್ದರೆ ಹಣ ಬರುವುದು ತಡವಾಗುತ್ತದೆ.

ಇಷ್ಟಾದರೂ ಕೊರತೆ ಉಳಿಯುತ್ತದೆ. ಮಕ್ಕಳು ಓದು ಬಿಡುವುದು ಮೊದಲ ವರ್ಷದ ಶುಲ್ಕಕ್ಕಲ್ಲ. ಅದನ್ನು ಹೇಗೋ ಒಡವೆ ಅಡವಿಟ್ಟು ಕಟ್ಟಿರುತ್ತಾರೆ. ಬಿಡುವುದು ಎರಡನೇ ವರ್ಷದ ಹಾಸ್ಟೆಲ್ ಬಾಕಿಗೆ, ಮೂರನೇ ವರ್ಷದ ಮೆಸ್ ಬಿಲ್ಲಿಗೆ, ಕೊನೆಯಲ್ಲಿ ಸಂಬಳವಿಲ್ಲದ ಇಂಟರ್ನ್‌ಶಿಪ್ ತಿಂಗಳುಗಳಲ್ಲಿ. ಅದಕ್ಕೇ ನನ್ನ ಕೋರಿಕೆ ಒಂದೇ. ನೂರು ಮಕ್ಕಳಿಗೆ ಒಂದೊಂದು ಸಣ್ಣ ಚೆಕ್ ಕೊಡುವುದು ಹಾಗೇ ನಡೆಯಲಿ. ಅದರ ಜೊತೆಗೆ ಪ್ರತಿ ತಾಲ್ಲೂಕಿನಿಂದ ಒಂದು ಮಗುವನ್ನು ಆರಿಸಿ, ಮೊದಲ ದಿನದಿಂದ ಇಂಟರ್ನ್‌ಶಿಪ್ ಮುಗಿಯುವ ದಿನದವರೆಗೆ ಕೈಬಿಡದೆ ಓದಿಸಿ. ಐದು ತಾಲ್ಲೂಕು, ಐದು ಮಕ್ಕಳು. ಒಬ್ಬ ದಾನಿಗೆ ಭಾರವಾದರೆ ನಾಲ್ಕು ಅಂಗಡಿಯವರು ಸೇರಿ ಒಬ್ಬರನ್ನು ಹೊರಲಿ. ಝಕಾತ್ ಹಣಕ್ಕೆ ಅದರದೇ ಶರತ್ತುಗಳಿವೆ, ಅದನ್ನು ಉಲಮಾಗಳನ್ನು ಕೇಳಿ ಪಾಲಿಸೋಣ. ಸದಕಾ ಮತ್ತು ಲಿಲ್ಲಾಹ್ ಹಣಕ್ಕೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಕಾಣುವುದಿಲ್ಲ. ಕಲಿತ ಕೈ ದುಡಿಯುವವರೆಗೆ ಅದರ ಪುಣ್ಯ ಹರಿಯುತ್ತಲೇ ಇರುತ್ತದೆ. ಸದಕಾ ಜಾರಿಯಾ ಎಂದರೆ ಇದೇ ಅಲ್ಲವೇ?

ಆ ಐದು ಮಕ್ಕಳಿಂದ ಒಂದು ಮಾತನ್ನೂ ತೆಗೆದುಕೊಳ್ಳಿ. ಓದು ಮುಗಿದ ಮೇಲೆ ಎಲ್ಲಿಯಾದರೂ ದುಡಿಯಲಿ, ಬೆಂಗಳೂರಾಗಲಿ ದುಬೈ ಆಗಲಿ. ಊರಿಗೆ ಬಂದಾಗಲೆಲ್ಲ ಎರಡು ದಿನ ಶಾದಿಮಹಲಿನಲ್ಲೋ ಶಾಲೆಯಲ್ಲೋ ಕೂತು, ಜಾತಿ ಧರ್ಮ ನೋಡದೆ ಬಂದವರನ್ನೆಲ್ಲ ಪರೀಕ್ಷಿಸಲಿ. ಮುಂದೆ ಶಕ್ತಿ ಬಂದಾಗ ಇನ್ನೊಂದು ಮಗುವನ್ನು ಓದಿಸಲಿ. ಬಾಂಡ್ ಪೇಪರ್ ಬೇಡ, ಜಮಾಅತಿನ ಹಿರಿಯರ ಮುಂದೆ ಕೊಟ್ಟ ಮಾತು ಸಾಕು.

ವಿದ್ಯಾರ್ಥಿಗಳೇ, ಇಂದು ಮನೆಗೆ ಹೋಗಿ ನಿಮ್ಮ ಓಣಿಯಲ್ಲಿ ಹಾಸಿಗೆ ಹಿಡಿದವರು, ಶಾಲೆ ಬಿಟ್ಟ ವಿಕಲಚೇತನ ಮಕ್ಕಳು ಎಷ್ಟಿದ್ದಾರೆಂದು ಎಣಿಸಿ. ಅವರ ಹತ್ತಿರ ಅರ್ಧ ಗಂಟೆ ಕುಳಿತು, ದಿನ ಹೇಗೆ ಕಳೆಯುತ್ತೀರಿ ಎಂದು ಕೇಳಿ. ಕೇಳುತ್ತಾ ಬೇಸರ ಬಂದರೆ ಬೇರೆ ಕೋರ್ಸ್ ನೋಡಿ, ತಪ್ಪೇನಿಲ್ಲ. 'ಇದಕ್ಕೆ ಏನಾದರೂ ಮಾಡಬಹುದಲ್ಲಾ' ಎಂದು ಮನಸ್ಸು ಚಡಪಡಿಸಿದರೆ ಟ್ರಸ್ಟ್‌ನ ಕಚೇರಿಗೆ ಬಂದು ಅರ್ಜಿ ತೆಗೆದುಕೊಳ್ಳಿ.

ಅಲ್ಲಾಹನು ದಾನಿಗಳ ಗಳಿಕೆಯಲ್ಲಿ ಬರಕತ್ ನೀಡಲಿ, ಈ ಮಕ್ಕಳ ಓದನ್ನು ದಡ ಸೇರಿಸಲಿ, ರೋಗಿಗಳಿಗೆ ಶಿಫಾ ಕೊಡಲಿ. ಆಮೀನ್.